ಸೂರಿಗಿಂತ ಮೇಲೆ ಹೋದ ಲೋಲಕ

ಫಸ್ಟ್ ಪಿಯುಸಿಗೆ ಸರಳ ಲೋಲಕದ ಪಾಠ ಮಾಡುವಾಗ ಒಂದು ಕಡೆ ನನಗೆ ಪ್ರತಿ ವರ್ಷ ಮುಜುಗರ ಆಗುತ್ತಿತ್ತು. "ಕೋನ ಚಿಕ್ಕದಿದ್ದಾಗ ಸೈನ್ ಥೀಟಾ ಅಂದ್ರೆ ಹೆಚ್ಚುಕಮ್ಮಿ ಥೀಟಾನೇ" ಎಂದು ಬೋರ್ಡ್ ಮೇಲೆ ಬರೆದು ಸುಮ್ನೆ ಮುಂದೆ ಹೋಗಿಬಿಡುತ್ತಿದ್ದೆ. ಚಿಕ್ಕದು ಅಂದ್ರೆ ಎಷ್ಟು ಸರ್ ಎಂದು ಯಾರಾದರೂ ಕೇಳಿದರೆ, ಸಿಲಬಸ್‌ನಲ್ಲಿ ಇಲ್ಲ ಎನ್ನುವ ಹಳೇ ಉತ್ತರ ಇದ್ದೇ ಇತ್ತು. ಸೈನ್ ಹಾಗೇ ಉಳಿಸಿಕೊಂಡರೆ ಆ ಸಮೀಕರಣ ಪಿಯುಸಿ ಕ್ಯಾಲ್ಕುಲಸ್‌ಗೆ ಬಗ್ಗುವುದಿಲ್ಲ.

ಬಗ್ಗಿಸಿದ್ದು ಮ್ಯಾಕ್ಸಿಮಾ ಎಂಬ ಗಣಿತದ ಸಾಫ್ಟ್‌ವೇರ್. ದುಡ್ಡು ಕೊಡಬೇಕಾಗಿಲ್ಲ, ಇಂಟರ್‌ನೆಟ್ ಬೇಡ, ನಮ್ಮ ಲ್ಯಾಬಿನ ಹಳೇ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಇದರ ಮೂಲ 1960ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ, ಹೆಚ್ಚುಕಮ್ಮಿ ಇದೇ ಹೆಸರಿನ ಮ್ಯಾಕ್‌ಸಿಮಾ. ವಿಲಿಯಂ ಶೆಲ್ಟರ್ ಎಂಬ ಗಣಿತಜ್ಞ ಅದರ ಒಂದು ಪ್ರತಿಯನ್ನು 1982ರಿಂದ 2001ರಲ್ಲಿ ತೀರಿಕೊಳ್ಳುವವರೆಗೂ ಸಾಕಿದರು. ಎಲ್ಲರಿಗೂ ಹಂಚಲು 1998ರಲ್ಲಿ ಅನುಮತಿ ಪಡೆದವರೂ ಅವರೇ.

ಬರೆಯುವುದಕ್ಕೆ ಡಬ್ಲ್ಯುಎಕ್ಸ್‌ಮ್ಯಾಕ್ಸಿಮಾ ಎಂಬ ಕಿಟಕಿ ಇದೆ. ಸಾಲು ಬರೆದು ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು. ಬರೀ ಎಂಟರ್ ಒತ್ತಿ "ಹ್ಯಾಂಗ್ ಆಯ್ತು ಸರ್" ಎನ್ನುವವರಲ್ಲೇ ಮೊದಲ ಪೀರಿಯಡ್ ಮುಗಿಯಿತು. ಚರಾಕ್ಷರಕ್ಕೆ ಬೆಲೆ ಕೊಡಲು ಸಮ ಚಿಹ್ನೆ ಅಲ್ಲ, ಕೋಲನ್ ಹಾಕಬೇಕು. ಇದನ್ನು ನಾನೇ ಎಷ್ಟೋ ಸಲ ಮರೆತಿದ್ದೇನೆ.

ಲೋಲಕಕ್ಕೆ ನಾವು ಬಳಸಿದ್ದು ರುಂಗೆ-ಕುಟ್ಟಾ ವಿಧಾನದ ಕಮಾಂಡ್, ಅಂದ್ರೆ ಸಮೀಕರಣವನ್ನು ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಅಂಕಿಗಳಲ್ಲೇ ಬಿಡಿಸುವುದು. ಕೋನ ಮತ್ತು ಕೋನೀಯ ವೇಗ ಹೇಗೆ ಬದಲಾಗುತ್ತವೆ, ಶುರುವಿಗೆ ಎಷ್ಟಿವೆ, ಎಷ್ಟು ಸೆಕೆಂಡ್ ಓಡಿಸಬೇಕು, ಹೆಜ್ಜೆ ಎಷ್ಟು, ಇಷ್ಟು ಹೇಳಿದರೆ ಸಾಕು. ದಾರ 1 ಮೀಟರ್, ಗುರುತ್ವ 9.8.

60 ಡಿಗ್ರಿಯಿಂದ ಬಿಡೋಣ ಎಂದೆ. ಹಿಂದಿನ ಬೆಂಚಿನ ಹುಡುಗರು 60 ಎಂದೇ ಟೈಪ್ ಮಾಡಿದರು. ಗ್ರಾಫ್ ಸೊನ್ನೆಯ ಹತ್ತಿರವೂ ಸುಳಿಯಲಿಲ್ಲ. 60ಕ್ಕೂ 65.7ಕ್ಕೂ ನಡುವೆ ಓಲಾಡುತ್ತಿತ್ತು.

"ಸರ್, ನಮ್ದು ಸೂರಿಗಿಂತ ಮೇಲೆ ಹೋಗಿದೆ!"

ನಾನೂ ಒಂದು ನಿಮಿಷ ತಬ್ಬಿಬ್ಬಾದೆ. ಮ್ಯಾಕ್ಸಿಮಾಗೆ ಕೋನ ಎಂದರೆ ಡಿಗ್ರಿ ಅಲ್ಲ, ರೇಡಿಯನ್. 60 ರೇಡಿಯನ್ ಎಂದರೆ ಒಂಬತ್ತೂವರೆ ಸುತ್ತಿಗಿಂತ ಚೂರು ಜಾಸ್ತಿ. ಹತ್ತನೇ ಸುತ್ತು ಮುಗಿಯುವುದು 62.83ಕ್ಕೆ, ಲೋಲಕ ನೇರ ಕೆಳಗೆ ನಿಲ್ಲುವ ಜಾಗ ಅದು. ಅಲ್ಲಿಂದ 162 ಡಿಗ್ರಿ ಮೇಲಿಂದ ಬಿಟ್ಟಹಾಗಾಗಿತ್ತು. ತಪ್ಪು ಅಳಿಸಿ ಅಂತ ಹೇಳಲು ಮನಸ್ಸು ಬರಲಿಲ್ಲ. ರೇಡಿಯನ್ ಬಗ್ಗೆ ನಾನು ಮಾಡಿದ ಅಷ್ಟೂ ಪಾಠಕ್ಕಿಂತ ಆ ಗ್ರಾಫ್ ಚೆನ್ನಾಗಿತ್ತು.

ಆಮೇಲೆ 60 ಡಿಗ್ರಿಯನ್ನು ರೇಡಿಯನ್‌ಗೆ ತಿರುಗಿಸಿ 1.047 ಹಾಕಿದರು. ಐದು ಆಂದೋಲನಕ್ಕೆ ಪಠ್ಯದ ಸೂತ್ರ 10.04 ಸೆಕೆಂಡ್ ಹೇಳುತ್ತದೆ, ಮ್ಯಾಕ್ಸಿಮಾ ಹತ್ತಿರ ಹತ್ತಿರ 10.77 ಎಂದಿತು. 10 ಡಿಗ್ರಿಯಲ್ಲಿ ಎರಡಕ್ಕೂ 0.02 ಸೆಕೆಂಡ್ ವ್ಯತ್ಯಾಸ, ಸ್ಟಾಪ್‌ವಾಚ್ ಒತ್ತುವ ನಮ್ಮ ಬೆರಳಿಗೆ ಗೊತ್ತೇ ಆಗದಷ್ಟು. ಚಿಕ್ಕದು ಅಂದ್ರೆ ಎಷ್ಟು ಎನ್ನುವುದಕ್ಕೆ ನನಗೂ ಒಂದು ಉತ್ತರ ಸಿಕ್ಕಿತು.

ಕಂಪ್ಯೂಟರ್ ಹೇಳಿದ್ದನ್ನು ನಂಬುವುದು ಹೇಗೆ? ಸ್ಟ್ಯಾಂಡಿಗೆ ದಾರ ಕಟ್ಟಿ, ಕೋನಮಾಪಕ ಹಿಡಿದು, 60ರಿಂದ ಬಿಟ್ಟು ಅಳೆದೆವು. 10.7 ಬಂತು. ಮಿಕ್ಕ ಚೂರು ಕೈ ತಪ್ಪೋ, ಗಾಳಿಯೋ ಎಂದು ವಾದ ಶುರುವಾಯಿತು. ಒಬ್ಬಳು, "ಐದನೇ ಸಲಕ್ಕೆ ಅದು 60ರ ತನಕ ಹೋಗ್ಲೇ ಇಲ್ಲ ಸರ್, ನಾನು ನೋಡ್ದೆ" ಎಂದಳು. ನಾನು ಬೋರ್ಡ್ ಕಡೆ ತಿರುಗುವಷ್ಟರಲ್ಲಿ ಅವಳು ಸಮೀಕರಣದ ಕೊನೆಗೆ ವೇಗಕ್ಕೆ ತಕ್ಕ ಹಾಗೆ ಎಳೆಯುವ ಒಂದು ಪದ ಸೇರಿಸಿ, ಎಷ್ಟು ಹಾಕಿದರೆ 10.7 ಬರುತ್ತದೆ ಎಂದು ಒಂದೊಂದೇ ಸಂಖ್ಯೆ ಕೊಟ್ಟು ನೋಡುತ್ತಿದ್ದಳು.