ಒಪ್ಪಿಸಿದ್ದು ಹೆಂಗ?

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ನಾನು ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತೇನೆ. ಫ್ರೇಸಲ್ ವರ್ಬ್, ಅಂದರೆ ಕ್ರಿಯಾಪದಕ್ಕೆ ಒಂದೆರಡು ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಮಾತು, ಬಂತೆಂದರೆ ಎಲ್ಲರದೂ ಒಂದೇ ಹಾದಿ: ಪಟ್ಟಿ ಬರೆದುಕೊಂಡು ಬಾಯಿಪಾಠ. ಟಾಕ್ ಇನ್‌ಟು, ಬ್ರಿಂಗ್ ರೌಂಡ್, ವಿನ್ ಓವರ್ ಮೂರಕ್ಕೂ ಪಟ್ಟಿಯಲ್ಲಿ ‘ಮನವೊಲಿಸು’ ಎಂದೇ ಇರುತ್ತದೆ. ಬಿಟ್ಟ ಸ್ಥಳ ತುಂಬುವಾಗ ಆ ಪಟ್ಟಿ ಕೈಕೊಡುತ್ತದೆ.

ಹೀಗಾಗಿ ಪಟ್ಟಿ ಬದಿಗಿಟ್ಟು ಹುಡುಗರ ಮನೆಯ ವಾದಗಳನ್ನೇ ಹಿಡಿದುಕೊಂಡೆ. ಬ್ಯಾಡಗಿ ಕಡೆಯ ಒಬ್ಬನ ಅಪ್ಪನಿಗೆ ಮೆಣಸಿನಕಾಯಿ ಕೂಡಲೇ ಮಾರಬೇಕಿತ್ತು. ಕಾಕಾನಿಗೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದರ ಏರುವ ತನಕ ಕಾಯಬೇಕಿತ್ತು. “ಕಡೀಕ ಕಾಕಾ ಒಪ್ಪಿಸಿಬಿಟ್ರೀ ಸರ್” ಅಂದ. “ಒಪ್ಪಿಸಿದ್ದು ಹೆಂಗಪಾ?” ಅಂತ ಕೇಳಿದೆ.

ಬೆನ್ನು ಹತ್ತಿ, ಹೇಳಿ ಹೇಳಿ ಮಾಲು ಇಡಿಸಿದ್ದರೆ ಅದು ಟಾಕ್ ಇನ್‌ಟು. ಅಪ್ಪನ ಒಳಮನಸ್ಸು ಇನ್ನೂ ‘ಬ್ಯಾಡ’ ಅನ್ನುತ್ತಿರಬಹುದು, ಕೆಲಸವಂತೂ ಆಯಿತು. ಪರೀಕ್ಷೆಯವರು ಸಿಕ್ಕಿಸುವುದು ಇಲ್ಲೇ: ಮನವೊಲಿಸು ಎಂಬುದೇ ಅರ್ಥವಾದ ಪರ್ಸುಯೇಡ್ ಆದಮೇಲೆ ‘ಟು ಸ್ಟೋರ್’, ಟಾಕ್ ಇನ್‌ಟು ಆದಮೇಲೆ ‘ಸ್ಟೋರಿಂಗ್’. ಮಾರಲು ಹೊರಟವನನ್ನು ತಡೆದರೆ ‘ಟಾಕ್ಡ್ ಹಿಮ್ ಔಟ್ ಆಫ್ ಸೆಲ್ಲಿಂಗ್’.

ಬ್ರಿಂಗ್ ರೌಂಡ್‌ಗೆ ಮೊದಲು ವಿರೋಧವಿರಬೇಕು. ಹಟ ಹಿಡಿದ ಅಪ್ಪ ಬರಬರುತ್ತಾ ಮೆತ್ತಗಾಗಿ “ಆತು ಬಿಡು, ಕಾಯೋಣು” ಅಂದರೆ ಅದು ಹೊಂದುತ್ತದೆ. ಅಮೆರಿಕದವರು ಬ್ರಿಂಗ್ ಅರೌಂಡ್ ಅನ್ನುತ್ತಾರೆ. ಮೂರ್ಛೆ ಹೋದವರಿಗೆ ಎಚ್ಚರ ತರುವುದಕ್ಕೂ ಇದೇ ಮಾತು.

ವಿನ್ ಓವರ್‌ನಲ್ಲಿ ಒಂದು ಕೆಲಸ ಮಾಡಿಸುವುದಕ್ಕಿಂತ ಆಸಾಮಿಯೇ ನಮ್ಮ ಕಡೆ ಬರುವುದು ಮುಖ್ಯ. ಮುನಿದ ಅತ್ತೆಯನ್ನು ಸೊಸೆ ಒಲಿಸಿಕೊಂಡಂತೆ, ಅಭ್ಯರ್ಥಿ ಎದುರು ಪಾಳೆಯದ ಮತದಾರರನ್ನು ಸೆಳೆದಂತೆ. ‘ಹಿಮ್’, ‘ಹರ್’ ಬಂದರೆ ನಡುವೆ ಕೂಡಿಸಬೇಕು: ‘ವಿನ್ ಹರ್ ಓವರ್’.

ಎಗ್ ಆನ್ ಬಂದಾಗ ಕ್ಲಾಸು ನಗದೆ ಬಿಡುವುದಿಲ್ಲ. “ಸರ್, ಇದರಾಗ ತತ್ತಿ ಎಲ್ಲಿಂದ ಬಂತ್ರೀ?” ತತ್ತಿಗೂ ಇದಕ್ಕೂ ಸಂಬಂಧವಿಲ್ಲ, ಕೆರಳಿಸು ಎಂಬರ್ಥದ ಹಳೆಯ ನಾರ್ಸ್ ಭಾಷೆಯ ‘ಎಗ್ಜಾ’ದಿಂದ ಬಂದದ್ದು. ಕೆರೆ ದಂಡೆಯ ಮೇಲೆ ನಿಂತ ಗೆಳೆಯರು “ಜಿಗಿಯಲೇ, ಜಿಗಿ!” ಎಂದು ಕೂಗುವುದು ಎಗ್ ಆನ್. ಪುಟ್ ಅಪ್ ಟು ಅದಕ್ಕಿಂತ ಕಿಲಾಡಿ. ಕಿಡಿಗೇಡಿತನದ ಐಡಿಯಾ ತಲೆಗೆ ಹಾಕಿದವನು ಆ ಹೊತ್ತಿಗೆ ಅಲ್ಲಿ ಇರಲೇಬೇಕೆಂದಿಲ್ಲ. ನಮ್ಮ ಅವ್ವಂದಿರು “ಯಾರ್ ಹೇಳಿಕೊಟ್ರಲೇ ನಿನಗ ಇದನ್ನ?” ಅಂತ ಕಿವಿ ಹಿಂಡುತ್ತಾರಲ್ಲ, ಇಂಗ್ಲಿಷಿನಲ್ಲಿ ಅದು ‘ಹೂ ಪುಟ್ ಯು ಅಪ್ ಟು ದಿಸ್?’

ಈಗ ಮನೆಪಾಠಕ್ಕೆ ಅವರವರ ಊರಿನದೇ ಒಂದು ಪ್ರಸಂಗ ಬರೆದು ತರಲು ಹೇಳುತ್ತೇನೆ. ಎಷ್ಟೋ ಸಲ ಟಾಕ್ ಇನ್‌ಟು, ಬ್ರಿಂಗ್ ರೌಂಡ್ ಎರಡೂ ಹೊಂದುತ್ತವೆ. ಯಾವುದನ್ನು ಬರೆದರೂ ಅಂಕ ಕೊಡುತ್ತೇನೆ, ಆದರೆ ಪಕ್ಕದಲ್ಲಿ ಕಾರಣ ಇರಬೇಕು.