ಬಟ್ಟೆ ಬೀರುವಿನ ಬಲ್ಬು, ಹಲಸಿನ ಗಿಟಾರು

ಸೋಮವಾರಪೇಟೆಯಲ್ಲಿ ನನ್ನದು ಮೋಟಾರ್ ರೀವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟು, ಪಲ್ಪರ್ ಮೋಟಾರು, ಮಿಕ್ಸಿ, ಇಷ್ಟೇ ನನ್ನ ಕೆಲಸ ಅಂದುಕೊಂಡವರು ಬಹಳ. ಹೋದ ಕ್ರಿಸ್‌ಮಸ್‌ಗೆ ವಿರಾಜಪೇಟೆಯ ಚರ್ಚ್ ಕ್ವಾಯರ್ (ಹಾಡೋ ತಂಡ) ಹುಡುಗರು ನುಡಿಸಿದ ಎಲೆಕ್ಟ್ರಿಕ್ ಗಿಟಾರೂ ಆಂಪ್ಲಿಫೈಯರೂ ನಾನೇ ಮಾಡಿದ್ದು ಅಂದರೆ ಅರ್ಧ ಜನ ಇನ್ನೂ ನಂಬಿಲ್ಲ. "ನೀನು ಸುತ್ತಿದ್ದು ಗುಂಯ್ ಅನ್ನುತ್ತೆ ಭಾವ, ಹಾಡಲ್ಲ" ಅಂತ ಹೆಂಡತಿಯ ತಮ್ಮ ಮೊದಲೇ ಹೇಳಿದ್ದ. ಮೂರು ವರ್ಷ ಅವನ ಮಾತೇ ನಿಜವಾಗಿತ್ತು.

2018ರ ಆಗಸ್ಟ್ ಮಳೆಗೆ ಮನೆ ಹಿಂದಿನ ಹಲಸು ಉರುಳಿತು. ವೀಣೆಗೆ ಆಗೋ ಮರ ಗಿಟಾರಿಗೆ ಯಾಕಾಗಬಾರದು ಅಂತ ಹಲಗೆ ಸೀಳಿಸಿ ಅಟ್ಟಕ್ಕೆ ಹಾಕಿದ್ದೆ. ಬಾಡಿ ಅದರದ್ದು. ನೆಕ್‌ಗೆ (ಗಿಟಾರಿನ ಕತ್ತು) ಹಳೇ ಬಾಗಿಲ ತೇಗದ ಚೌಕಟ್ಟು, ಫ್ರೆಟ್‌ಬೋರ್ಡಿಗೆ (ಬೆರಳು ಒತ್ತೋ ಪಟ್ಟಿ) ಅಜ್ಜಿಯ ಮುರಿದ ಮಂಚದ ಬೀಟೆ ಪಟ್ಟಿ. ಬೀಟೆ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಅದರ ಪುಡಿಗೆ ನಾನು ಒಂದು ವಾರ ಸೀನಿದ್ದೇನೆ.

ಮೊದಲ ನೆಕ್ ಬೇಸಿಗೆಯಲ್ಲಿ ಕೋಲಿನಂತೆ ನೆಟ್ಟಗಿತ್ತು, ಕಕ್ಕಡದ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಹೊತ್ತಿಗೆ ತಿರುಚಿಕೊಂಡಿತು. ಎರಡನೆಯದೂ ಹಾಗೇ. ನೆಕ್ಕಿನೊಳಗೆ ಕೂರಿಸೋ ಸರಳು, ಟ್ರಸ್ ರಾಡ್, ಬಾಗಿದ್ದನ್ನು ತಿದ್ದುತ್ತೆ, ತಿರುಚಿದ್ದನ್ನಲ್ಲ. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ಬೀರುವಿನೊಳಗೆ 60 ವ್ಯಾಟಿನ ಬಲ್ಬು ಉರಿಸ್ತೀವಲ್ಲ, ಮೂರನೇ ತುಂಡನ್ನು ಸೀರೆಗಳನ್ನೆಲ್ಲ ಆಚೆ ತೆಗೆಸಿ ಅದರೊಳಗೆ ಒಂದೂವರೆ ತಿಂಗಳು ಇಟ್ಟೆ. ಅರ್ಧ ಕೆತ್ತಿ ಮತ್ತೆ ಹದಿನೈದು ದಿನ, ಆಮೇಲೆ ಪೂರ್ತಿ. ಎರಡು ಮಳೆಗಾಲ ಕಳೆದಿದೆ, ನೆಕ್ ಅಲುಗಿಲ್ಲ.

ಫ್ರೆಟ್ (ಆ ಪಟ್ಟಿಯ ಮೇಲಿನ ಅಡ್ಡ ಲೋಹದ ಗೆರೆ) ಗುರುತು ಹಾಕುವಾಗ ಒಂದರಿಂದ ಇನ್ನೊಂದಕ್ಕೆ ಅಳೆಯಬೇಡಿ. 648 ಮಿ.ಮೀ. ಸ್ಕೇಲಿಗೆ (ನುಡಿಯೋ ತಂತಿಯ ಉದ್ದ) ಹನ್ನೆರಡನೇ ಫ್ರೆಟ್ ಸರಿಯಾಗಿ 324ಕ್ಕೆ ಬರಬೇಕು, ನನ್ನದು 2 ಮಿ.ಮೀ. ತಪ್ಪಿತ್ತು. ಎಲ್ಲವನ್ನೂ ನೆಕ್ಕಿನ ತುದಿಯಲ್ಲಿ ತಂತಿ ಕೂರೋ ನಟ್‌ನಿಂದಲೇ ಅಳೆದ ಮೇಲೆ ಸರಿಹೋಯ್ತು.

ನನ್ನ ಮರ್ಯಾದೆ ಹೋಗಿದ್ದು, ಗಿಟಾರ್ ತಂತಿಯ ಅದುರನ್ನು ಕರೆಂಟ್ ಮಾಡೋ ಸುರುಳಿ ಇದೆಯಲ್ಲ, ಆ ಪಿಕಪ್‌ನಲ್ಲಿ. ಸುತ್ತೋದೇ ನನ್ನ ಹೊಟ್ಟೆಪಾಡು, ಅದರಲ್ಲೇ ಸೋತೆ! ಎಲ್ಲರೂ 42 ಗೇಜ್ (ದಪ್ಪದ ನಂಬರು) ತಂತಿ ಅಂತಾರೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ 42 ಗೇಜ್ ತಂದು ಸುತ್ತಿದೆ. 2,800 ಸುತ್ತಿಗೇ ಬಾಬಿನ್ ತುಂಬಿತು, ಮೀಟರಿನಲ್ಲಿ 700, 800 ಓಮ್, ಸದ್ದು ಸೊಳ್ಳೆಯಷ್ಟು. ಅಂಥವು ಮೂರು ಸುತ್ತಿದ ಮೇಲೆ ಬುದ್ಧಿ ಬಂತು. ಅವರು ಹೇಳೋದು ಅಮೆರಿಕದ ಗೇಜು, ನಮ್ಮ ಅಂಗಡಿಗಳದ್ದು ಬ್ರಿಟಿಷರ ಗೇಜು, ಎಸ್‌ಡಬ್ಲ್ಯುಜಿ. ಅವರ 42 ಅಂದರೆ 0.063 ಮಿ.ಮೀ., ನಮ್ಮ 42 ಅಂದರೆ 0.1. ನಮಗೆ ಬೇಕಾದ್ದು 46. ದಿನಾ ಇದೇ ತಂತಿ ಮುಟ್ಟೋ ನನಗೇ ಹೊಳೆಯಲಿಲ್ಲ ಅನ್ನೋದನ್ನ ಭಾವಮೈದುನನಿಗೆ ಇವತ್ತಿಗೂ ಹೇಳಿಲ್ಲ. 46ರಲ್ಲಿ ಸುಮಾರು 8,000 ಸುತ್ತು ಕೂತು 6 ಕಿಲೋ ಓಮ್ ಬಂತು. ಕೂದಲಿನಂಥ ಆ ತಂತಿಯ ಬಿಗಿ ಹೇಗೆ ಹಿಡೀತೀನಿ ಅನ್ನೋದು ಅಂಗಡಿಯ ಗುಟ್ಟು, ಅದನ್ನ ಬಿಡಿ.

ಸುತ್ತಿದ್ದನ್ನ ಮೇಣದಲ್ಲಿ ಅದ್ದದಿದ್ದರೆ ಸೌಂಡ್ ಏರಿಸಿದ ಕೂಡಲೇ ಕಿರುಚುತ್ತೆ. ಮೇಣದಬತ್ತಿ ನಾಲ್ಕು ಪಾಲು, ನಮ್ಮ ಜೇನುಮೇಣ ಒಂದು ಪಾಲು. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು ಕರಗಿಸಿ, ನೇರ ಉರಿ ಬೇಡ. ಬರೀ ಜೇನುಮೇಣದಲ್ಲೂ ಮಾಡಿ ನೋಡಿದೆ: ಅಂಟು ಜಾಸ್ತಿ, ವಾಸನೆ ಮಾತ್ರ ಭರ್ಜರಿ.

ಆಂಪ್ಲಿಫೈಯರ್‌ಗೆ ಗೋಣಿಕೊಪ್ಪದ ಗುಜರಿಯಲ್ಲಿ ಎರಡು ವಾಲ್ವ್ (ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಬುರುಡೆ) ರೇಡಿಯೊ ಸಿಕ್ಕವು, ಎರಡಕ್ಕೂ ಸೇರಿ 1,800. ಒಂದರಲ್ಲಿ ಟ್ರಾನ್ಸ್‌ಫಾರ್ಮರ್, ಇಎಲ್84 ವಾಲ್ವ್. ಇನ್ನೊಂದರಲ್ಲಿ ಯುಎಲ್84. ಹೀಗೆ 'ಯು' ಅಂತ ಶುರುವಾಗೋ ವಾಲ್ವುಗಳ ಸೆಟ್ ಕಂಡರೆ ಕೈಮುಗಿದು ಬಿಟ್ಟುಬಿಡಿ. ವಾಲ್ವು ಕಾಯಿಸೋ ಹೀಟರ್‌ಗಳೆಲ್ಲ ಸೀರೀಸಾಗಿ ಮೇನ್ಸ್‌ಗೇ ಸೇರಿರುತ್ತವೆ, ಪ್ಲಗ್ ತಿರುಗಿಸಿ ಹಾಕಿದರೆ ಛಾಸಿಯೇ (ಲೋಹದ ತಳ) ಫೇಸ್. ಗಿಟಾರ್ ತಂತಿ ಛಾಸಿಗೆ ಕೂಡಿರುತ್ತೆ, ಅಂದರೆ ನುಡಿಸೋನ ಬೆರಳಿಗೆ 230 ವೋಲ್ಟ್.

ಇಎಲ್84ರೊಳಗೆ ಸಿಗ್ನಲ್ ಹೋಗೋ ಕಾಲು, ಗ್ರಿಡ್‌ಗೆ ಹೋಗೋ ಹಳೇ ಪೇಪರ್ ಕೆಪಾಸಿಟರ್ ಮೊದಲು ಕಿತ್ತು ಹೊಸದು ಹಾಕಿ. ಅದು ಲೀಕಾದರೆ ವಾಲ್ವಿನ ಪ್ಲೇಟ್ ಕೆಂಡದಂತಾಗುತ್ತೆ. ನನ್ನದೊಂದು ಹಾಗೇ ಸತ್ತಿತು, ಏಳುನೂರೋ ಎಂಟುನೂರೋ ರೂಪಾಯಿ.

ಪ್ಲಗ್ ಕಿತ್ತು ಎಷ್ಟೋ ಹೊತ್ತಾಯ್ತಲ್ಲ ಅಂತ ಒಂದು ಸಂಜೆ ಕೈ ಹಾಕಿದೆ. ಡಿಸಿ ನಯಮಾಡೋ ಫಿಲ್ಟರ್ ಕೆಪಾಸಿಟರಿನಲ್ಲಿ 250 ವೋಲ್ಟ್ ಹಾಗೇ ಕೂತಿತ್ತು. ಮೊಣಕೈ ಗೋಡೆಗೆ ಅಪ್ಪಳಿಸಿ ಮೂರು ದಿನ ಸ್ಪ್ಯಾನರ್ ಹಿಡಿಯೋಕಾಗಲಿಲ್ಲ. ಈಗ 220 ಕಿಲೋ ಓಮಿನ, 2 ವ್ಯಾಟಿನ ಬ್ಲೀಡರ್ (ಉಳಿದ ಚಾರ್ಜ್ ಇಳಿಸೋ ರೆಸಿಸ್ಟರ್) ಅಲ್ಲೇ ಕಾಯಂ ಬೆಸುಗೆ. ಆದರೂ ಒಂದು ನಿಮಿಷ ಕಾದು, ಮೀಟರ್ ಇಟ್ಟು ನೋಡಿಯೇ ಕೈ ಹಾಕೋದು, ಅದೂ ಒಂದೇ ಕೈ, ಇನ್ನೊಂದು ಜೇಬಿನಲ್ಲಿ. ಹಮ್ ಬರುತ್ತೆ ಅಂತ ಅರ್ತ್ ಪಿನ್ ಕತ್ತರಿಸೋ ಜಾಣರಿದ್ದಾರೆ, ಅವರ ಹತ್ತಿರ ಕಲಿಯಬೇಡಿ. ಅಂಗಡಿಗೆ 30 ಮಿಲಿ ಆಂಪ್ ಸೋರಿದರೆ ಕರೆಂಟ್ ಕಡಿಯೋ ಆರ್‌ಸಿಸಿಬಿ ಇದೆ ಅಂತ ನಾನೂ ಮೆರೆದಿದ್ದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ 250 ವೋಲ್ಟ್ ಅದರ ಕಣ್ಣಿಗೆ ಬೀಳೋದೇ ಇಲ್ಲ.

ಮೊದಲ ಸಲ ಕರೆಂಟ್ ಕೊಟ್ಟಿದ್ದು ಸೀರೀಸ್ ಬೋರ್ಡಿನಲ್ಲಿ (ಕರೆಂಟ್ ಬಲ್ಬಿನ ಮೂಲಕವೇ ಹಾಯೋ ಬೋರ್ಡು), ಬೀರುವಿನ ಅದೇ 60 ವ್ಯಾಟ್ ಬಲ್ಬು ಹಾಕಿ. ಒಮ್ಮೆ ಜಗ್ಗನೆ ಉರಿದು ಮಂಕಾದರೆ ಸರಿ. ನನ್ನದು ಉರಿದೇ ಇತ್ತು: ಫಿಲ್ಟರ್ ಕೆಪಾಸಿಟರಿಗೆ ಪ್ಲಸ್ ಮೈನಸ್ ಉಲ್ಟಾ ಕೊಟ್ಟಿದ್ದೆ. ಬಲ್ಬು ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ ಹೊಗೆಯಾಗುತ್ತಿತ್ತು. ಸರಿಮಾಡಿದ ಮೇಲೆ ಹೆಚ್ಚೆಂದರೆ 5 ವ್ಯಾಟ್ ಬರುತ್ತೆ, ಚರ್ಚಿಗೆ ಧಾರಾಳ ಸಾಕು.

ನಡುವೆ ಗಿಟಾರ್ ಸದ್ದನ್ನು ಒರಟಾಗಿಸೋ ಒಂದು ಫಜ್ ಪೆಡಲ್ಲೂ ಮಾಡಿದೆ, ಹಳೇ ಟ್ರಾನ್ಸಿಸ್ಟರ್ ರೇಡಿಯೊದ ಜರ್ಮೇನಿಯಂ ಟ್ರಾನ್ಸಿಸ್ಟರ್ ಎಸಿ128 ಹಾಕಿ. ಮಡಿಕೇರಿಯ ಚಳಿಯಲ್ಲಿ ಜೇನಿನಂಥ ಸದ್ದು. ಏಪ್ರಿಲ್‌ನಲ್ಲಿ ಮೈಸೂರಿಗೆ ಒಯ್ದರೆ ಗಂಟಲು ಕಟ್ಟಿತು. ಜರ್ಮೇನಿಯಂ ಸೆಕೆ ತಡೆಯಲ್ಲ. ಈಗ ಬಯಾಸ್‌ಗೆ ಒಂದು ಪ್ರೀಸೆಟ್ (ತಿರುಗಿಸೋ ಪುಟ್ಟ ರೆಸಿಸ್ಟರ್) ಹಾಕಿ, ಡಬ್ಬಿಗೆ ತೂತು ಕೊರೆದು, ಊರು ಬದಲಾದಾಗ ತಿರುಗಿಸ್ತೀನಿ.

ಕೆಟ್ಟಿದ್ದು ಬಿಟ್ಟು ಎಲ್ಲ ಸೇರಿ ಹದಿಮೂರು ಹದಿನಾಲ್ಕು ಸಾವಿರ ಆಗಿರಬೇಕು. ಕೆಟ್ಟಿದ್ದಕ್ಕೆ ಇನ್ನೊಂದು ಒಂಬತ್ತು. ಕ್ವಾಯರ್ ಹುಡುಗರು ಇನ್ನೊಂದು ಗಿಟಾರ್ ಕೇಳಿದ್ದಾರೆ, ಅದರ ನೆಕ್ ಆಗಲೇ ಬೀರುವಿನಲ್ಲಿದೆ. ಆ ಬಲ್ಬು ಮಾತ್ರ ಪೇಟೆಯಲ್ಲಿ ಸಿಗ್ತಾ ಇಲ್ಲ, ಎಲ್ಲಿ ಕೇಳಿದರೂ ಎಲ್‌ಇಡಿ ಕೊಡ್ತಾರೆ. ಅದು ಮರಾನೂ ಒಣಗಿಸಲ್ಲ, ಶಾರ್ಟೂ ತೋರಿಸಲ್ಲ. ಉಳಿದಿರೋದು ಎರಡು, ಒಂದು ಬೀರುವಿಗೆ, ಒಂದು ಸೀರೀಸ್ ಬೋರ್ಡಿಗೆ.