ಪಿಎಂಐ 59, ನಮ್ಮ ಶೆಡ್ಡಿನಲ್ಲಿ ಎರಡೇ ಪ್ಯಾನೆಲ್

2025ರ ಸೆಪ್ಟೆಂಬರ್ 1, ಸೋಮವಾರ. ಬೆಂಗಳೂರಿನ ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ ಎರಡು ಪ್ಯಾನೆಲ್, ಅಂದರೆ ಮಶಿನ್ ನಡೆಸುವ ಕಂಟ್ರೋಲ್ ಕಪಾಟು, ನಿಂತಿದ್ದವು. ಒಂದಕ್ಕೆ ವೈರಿಂಗ್ ಮುಗಿದು ಹುಡುಗರು ವೈರಿನ ತುದಿಯ ಫೆರೂಲ್ ನಂಬರ್ ತಾಳೆ ನೋಡುತ್ತಿದ್ದರು. ಇನ್ನೊಂದು ಖಾಲಿ ಡಬ್ಬ, ಮೋಟರ್ ವೇಗ ನಿಯಂತ್ರಿಸುವ ಡ್ರೈವ್ ಇನ್ನೂ ಬಂದಿರಲಿಲ್ಲ. ಕೆಲಸ ಇರುವ ದಿನಗಳಲ್ಲಿ ಅದೇ ಜಾಗದಲ್ಲಿ ಏಳೆಂಟು ಪ್ಯಾನೆಲ್ ಇರುತ್ತವೆ, ದಾಟಿ ಹೋಗಲು ಮೈ ಓರೆ ಮಾಡಬೇಕು. ಹನ್ನೊಂದು ಗಂಟೆಯ ಚಹಾ ಹೊತ್ತಿಗೆ ಡಿಸೈನ್ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಸಾರ್, ಆಗಸ್ಟ್ ಪಿಎಂಐ 59.3 ಅಂತೆ. ಹದಿನೇಳು ವರ್ಷದಲ್ಲೇ ಜಾಸ್ತಿಯಂತೆ. ಮತ್ತೆ ನಾವ್ಯಾಕೆ ಹಿಂಗೆ ನೊಣ ಹೊಡೀತಾ ಕೂತಿದೀವಿ?"

ಪಿಎಂಐ ಅಂದರೆ ಕಾರ್ಖಾನೆಗಳ ಕೆಲಸ ಹೆಚ್ಚಿತೋ ಕಡಿಮೆಯಾಯಿತೋ ಎಂದು ತಿಂಗಳಿಗೊಮ್ಮೆ ಹೇಳುವ ಸೂಚ್ಯಂಕ. ಹತ್ತು ವರ್ಷದ ಹಿಂದೆ ಕೇಳಿದ್ದರೆ ನಾನೂ ಅವನ ಜೊತೆ ತಲೆ ಕೆರೆದುಕೊಳ್ಳುತ್ತಿದ್ದೆ. ಈಗ ಉತ್ತರ ಗೊತ್ತು. ಅದನ್ನು ಕಲಿಯಲು ಕಟ್ಟಿದ ಫೀಸು ಮಾತ್ರ ದೊಡ್ಡದು.

ನಮ್ಮದು ಇಪ್ಪತ್ತೆರಡು ಜನರ ಕಂಪನಿ. ಪಿಎಲ್‌ಸಿ (ಮಶಿನ್ ನಡೆಸುವ ಕೈಗಾರಿಕಾ ಕಂಪ್ಯೂಟರ್) ಪ್ಯಾನೆಲ್, ಲೀಕ್ ಟೆಸ್ಟ್ (ಸೋರಿಕೆ ಪರೀಕ್ಷೆ) ಮತ್ತು ಅಸೆಂಬ್ಲಿಯ ಸ್ಪೆಷಲ್ ಮಶಿನ್, ಹಳೆ ಮಶಿನ್‌ಗೆ ಹೊಸ ಕಂಟ್ರೋಲ್ ಹಾಕುವ ರೆಟ್ರೊಫಿಟ್ ಕೆಲಸ ಮಾಡುತ್ತೇವೆ. ಗಿರಾಕಿಗಳು ಬಿಡದಿ, ನರಸಾಪುರ, ಹೊಸೂರು, ಬೆಳಗಾವಿ ಕಡೆಯವರು. 2018ರಲ್ಲಿ ಆಟೊ ವಲಯ ಹೇಗೆ ಓಡುತ್ತಿತ್ತೆಂದರೆ ಬಂದ ಎಂಕ್ವೈರಿಗಳಿಗೆ ಆಫರ್, ಅಂದರೆ ದರದ ಪ್ರಸ್ತಾವ, ಬರೆಯಲೂ ಪುರುಸೊತ್ತಿರಲಿಲ್ಲ. ಆರು ಜನ ಎಂಜಿನಿಯರ್‌ಗಳನ್ನು ಸೇರಿಸಿಕೊಂಡೆ. ಡಿಸ್ಕೌಂಟ್ ಸಿಗುತ್ತದೆಂದು ಓವರ್‌ಡ್ರಾಫ್ಟ್ ಎಳೆದು ಡ್ರೈವ್, ಸರ್ವೊ ಮೋಟರ್ ರಾಶಿ ಹಾಕಿದೆ. ಆ ಸೆಪ್ಟೆಂಬರಿನಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಕುಸಿದು, ವಾಹನ ಸಾಲ ಕೊಡುವ ಹಣಕಾಸು ಕಂಪನಿಗಳ ಕೈ ಬಿಗಿಯಾಯಿತು. ಪೇಪರಿನಲ್ಲಿ ಓದಿದೆ, ಮಡಚಿಟ್ಟೆ. ಪ್ಯಾನೆಲ್ ಮಾಡುವವನಿಗೂ ಸಾಲದ ಕಂಪನಿಗೂ ಏನು ಸಂಬಂಧ?

ಮೋಸ ಹೋದದ್ದು ಇಲ್ಲೇ. 2019ರ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲೂ ನಮಗೆ ಪಿಒ (ಖರೀದಿ ಆದೇಶ) ಬರುತ್ತಲೇ ಇದ್ದವು. ಹಿಂದಿನ ವರ್ಷದ ಬಜೆಟ್‌ನಲ್ಲಿ ಮಂಜೂರಾದ ಕೆಲಸಗಳು ಒಂದೊಂದಾಗಿ ಬೀಳುತ್ತಿದ್ದವು ಅಷ್ಟೇ. "ಮಾರ್ಕೆಟ್ ಬಿದ್ದಿದೆ ಅಂತಾರೆ, ನಮಗೇನೂ ಆಗಿಲ್ಲ" ಎಂದು ನೆರೆಯ ಶೆಡ್ಡಿನವರ ಮುಂದೆ ಜಂಬ ಕೊಚ್ಚಿಕೊಂಡೆ. ಆಗಸ್ಟ್‌ನಲ್ಲಿ ದೇಶದ ಪ್ರಯಾಣಿಕ ವಾಹನ ಮಾರಾಟ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ 31ಕ್ಕೂ ಹೆಚ್ಚು ಕುಸಿಯಿತು. ದೀಪಾವಳಿ ಹೊತ್ತಿಗೆ ನಮ್ಮ ಫೋನ್ ತಣ್ಣಗಾಯಿತು. ರಾಶಿ ಹಾಕಿದ ಡ್ರೈವ್‌ಗಳಿಗೆ ಬಡ್ಡಿ ಬೆಳೆಯುತ್ತಿತ್ತು. ಸೇರಿಸಿಕೊಂಡ ಆರರಲ್ಲಿ ನಾಲ್ವರನ್ನು ಕಳಿಸಬೇಕಾಯಿತು. ಅದರಲ್ಲೊಬ್ಬನ ಮದುವೆ ನಿಶ್ಚಯವಾಗಿತ್ತು, ಆ ಮಾತುಕತೆ ಇವತ್ತಿಗೂ ನೆನಪಾಗುತ್ತದೆ.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ಹಳೆಯ ಆಫರ್ ಫೈಲುಗಳನ್ನೆಲ್ಲ ಹರವಿಕೊಂಡು ಒಂದು ಎಕ್ಸೆಲ್ ಶೀಟ್ ಮಾಡಿದ್ದು. ಎಂಕ್ವೈರಿ ಬಂದ ದಿನ, ಪಿಒ ಬಂದ ದಿನ, ಕೊನೆಯ ರೂಪಾಯಿ ಬಂದ ದಿನ, ಮತ್ತು ಕೆಲಸದ ಜಾತಿ: ಹೊಸ ಉತ್ಪಾದನಾ ಲೈನೋ, ರೆಟ್ರೊಫಿಟ್ಟೋ, ಕೆಟ್ಟುಹೋದದ್ದರ ರಿಪೇರಿಯೋ. ಎಂಟು ವರ್ಷದ ಕಾಗದ, ಮೂರು ಭಾನುವಾರ ಹಿಡಿಯಿತು. ಅದರ ಪಕ್ಕದಲ್ಲೇ ತಿಂಗಳ ಪಿಎಂಐ ಬರೆದುಕೊಂಡೆ. ನೋಡಿದರೆ ನನ್ನ ಹೊಸ ಲೈನ್ ಆರ್ಡರ್‌ಗಳು ಪಿಎಂಐ ಏರಿದ ಎರಡು-ಮೂರು ತ್ರೈಮಾಸಿಕದ ನಂತರ ಬರುತ್ತಿದ್ದವು, ಪಿಎಂಐ ಇಳಿದ ಮೇಲೂ ಅಷ್ಟೇ ಕಾಲ ಓಡುತ್ತಿದ್ದವು. ಅಂದರೆ ನನಗೆ ಅತಿ ಹೆಚ್ಚು ಕೆಲಸ ಇರುವಾಗ ಗಿರಾಕಿಯ ಮನೆಯಲ್ಲಿ ಆಗಲೇ ದೀಪ ಸಣ್ಣಗಾಗಿರುತ್ತದೆ. 2018ರಲ್ಲಿ ನಾನು ಜನ ಸೇರಿಸಿದ್ದು ಸರಿಯಾಗಿ ಆ ಹೊತ್ತಿಗೇ.

ಪಿಎಂಐ ಎನ್ನುವುದು ಸುಮಾರು 400 ಕಾರ್ಖಾನೆಗಳ ಖರೀದಿ ಮ್ಯಾನೇಜರ್‌ಗಳನ್ನು ಕೇಳಿ ಮಾಡುವ ಸಮೀಕ್ಷೆ. ಹೋದ ತಿಂಗಳಿಗಿಂತ ಹೆಚ್ಚೋ, ಕಡಿಮೆಯೋ, ಅಷ್ಟೇಯೋ ಎಂದು ಕೇಳುತ್ತಾರೆ. ಎಷ್ಟು ಹೆಚ್ಚು ಎಂದು ಕೇಳುವುದಿಲ್ಲ. 50ಕ್ಕಿಂತ ಮೇಲಿದ್ದರೆ ಬೆಳವಣಿಗೆ, ಕೆಳಗಿದ್ದರೆ ಇಳಿಕೆ. ಹೊಸ ಆರ್ಡರ್‌ಗೆ 30, ಉತ್ಪಾದನೆಗೆ 25, ಉದ್ಯೋಗಕ್ಕೆ 20, ಪೂರೈಕೆದಾರರು ಮಾಲು ತಲುಪಿಸುವ ಅವಧಿಗೆ 15, ಕೊಂಡಿಟ್ಟ ಮಾಲಿಗೆ 10 ಅಂಕದ ತೂಕ. ತಮಾಷೆ ಇರುವುದು ನಾಲ್ಕನೆಯದರಲ್ಲಿ: ಮಾಲು ತಡವಾಗಿ ಬಂದರೆ ಬೇಡಿಕೆ ಜೋರಾಗಿದೆ ಎಂದು ಲೆಕ್ಕ ಹಾಕಿ ಸೂಚ್ಯಂಕವನ್ನು ಏರಿಸುತ್ತಾರೆ. ಚಿಪ್ ಅಭಾವದ 2021ರಲ್ಲಿ ನನ್ನ ಡ್ರೈವ್‌ಗಳು ವಿದೇಶದ ಗೋದಾಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ, ಅಂಥ ಸಂಕಟವೂ ಎಲ್ಲೋ ಸೂಚ್ಯಂಕಕ್ಕೆ ಒಂದು ಎಳೆ ಏರಿಕೆ ಕೊಟ್ಟಿರಬೇಕು!

ಇದಕ್ಕಿಂತ ನನಗೆ ಹತ್ತಿರದ್ದು ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಕೊಡುವ ಸಾಮರ್ಥ್ಯ ಬಳಕೆಯ ಅಂಕಿ. ಕಾರ್ಖಾನೆಗಳು ತಮ್ಮ ಸಾಮರ್ಥ್ಯದಲ್ಲಿ ನೂರಕ್ಕೆ ಎಷ್ಟು ಓಡಿಸುತ್ತಿವೆ ಎನ್ನುವುದು ಅದು. ಈಚಿನ ವರ್ಷಗಳಲ್ಲಿ 75ರ ಆಸುಪಾಸಿನಲ್ಲೇ ಸುತ್ತುತ್ತಿದೆ. 2024ರ ಮಾರ್ಚ್ ತ್ರೈಮಾಸಿಕದಲ್ಲಿ 76.8ಕ್ಕೆ ಹೋಗಿತ್ತು. ಹತ್ತು ಮಶಿನ್ ಇಟ್ಟುಕೊಂಡು ಏಳೂವರೆ ಓಡಿಸುತ್ತಿರುವ ಮಾಲೀಕ ಹನ್ನೊಂದನೆಯದನ್ನು ಯಾಕೆ ಕೊಳ್ಳುತ್ತಾನೆ? ಆರ್ಡರ್ ಹೆಚ್ಚಾದರೆ ಮೊದಲು ಓವರ್‌ಟೈಮ್. ಆಮೇಲೆ ಭಾನುವಾರದ ಕೆಲಸ, ಮೂರನೇ ಶಿಫ್ಟ್, ಗುತ್ತಿಗೆ ಕಾರ್ಮಿಕರು, ಹೊರಗೆ ಜಾಬ್‌ವರ್ಕ್. ಇಷ್ಟೂ ತುಂಬಿದ ಮೇಲೆ ನನಗೆ ಫೋನ್ ಬರುತ್ತದೆ, "ಒಂದು ಬಜೆಟರಿ ಆಫರ್ ಕೊಡಿ" ಎಂದು. ಬಜೆಟರಿ ಅಂದರೆ ಬರೀ ಅಂದಾಜು ದರ, ಈ ವರ್ಷ ದುಡ್ಡಿಲ್ಲ ಎಂದೇ ಅರ್ಥ. ಡಿಸೈನ್ ಹುಡುಗನಿಗೆ ಹೇಳಿದ್ದೂ ಇಷ್ಟೇ. 59 ಎನ್ನುವುದು ಅವರ ಓವರ್‌ಟೈಮಿನ ಸುದ್ದಿ, ನಮ್ಮ ಸರದಿ ಇನ್ನೂ ಬಂದಿಲ್ಲ.

ಆದರೆ ಈ ಲೆಕ್ಕವನ್ನೇ ಗಟ್ಟಿಯಾಗಿ ನಂಬಿದ್ದರೆ 2020ರಲ್ಲಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಲಾಕ್‌ಡೌನಿನ ಆ ಏಪ್ರಿಲ್‌ನಲ್ಲಿ ಪಿಎಂಐ 27.4. ಜೂನ್ ತ್ರೈಮಾಸಿಕದ ಸಾಮರ್ಥ್ಯ ಬಳಕೆ 47.3. ಇನ್ನೊಂದು ವರ್ಷ ಯಾರೂ ಮಶಿನ್ ಕೇಳುವುದಿಲ್ಲ ಎಂದುಕೊಂಡಿದ್ದೆ. ಅಕ್ಟೋಬರ್ ಹೊತ್ತಿಗೆ ಫೋನ್ ಮೇಲೆ ಫೋನ್. ಗಿರಾಕಿಗಳ ಕಾರ್ಖಾನೆಯಿಂದ ಬಿಹಾರ, ಒಡಿಶಾಗೆ ಹೋದ ಹುಡುಗರು ವಾಪಸಾಗಿರಲಿಲ್ಲ, ಬಂದವರನ್ನೂ ಮಗ್ಗುಲಿಗೆ ಮಗ್ಗುಲು ನಿಲ್ಲಿಸುವ ಹಾಗಿರಲಿಲ್ಲ. ನಾಲ್ಕು ಜನ ಮಾಡುತ್ತಿದ್ದ ಅಸೆಂಬ್ಲಿ ಸ್ಟೇಷನ್ ಅನ್ನು ಇಬ್ಬರು ಮಾಡುವ ಹಾಗೆ ಮಾಡಿಕೊಡಿ ಎಂದು ಒಂದೇ ತಿಂಗಳಲ್ಲಿ ಮೂವರು ಕೇಳಿದರು. ಅಂದಿನಿಂದ ಶೀಟಿನಲ್ಲಿ ಇನ್ನೊಂದು ಕಾಲಂ ಇದೆ: 'ಯಾಕೆ ಕೇಳಿದರು'. ಜನ ಸಿಗುತ್ತಿಲ್ಲ, ಗುಣಮಟ್ಟದ ದೂರು, ಹಳೆ ಪಿಎಲ್‌ಸಿಗೆ ಬಿಡಿಭಾಗ ನಿಂತಿದೆ, ಸಾಮರ್ಥ್ಯ ಸಾಲದು. ಮೊದಲ ಮೂರಕ್ಕೆ ಮಾರುಕಟ್ಟೆಯ ಏರಿಳಿತದ ಹಂಗು ಅಷ್ಟಿಲ್ಲ. ಆಗ ನಮ್ಮ ವ್ಯಾಪಾರದಲ್ಲಿ ರೆಟ್ರೊಫಿಟ್ ಪಾಲು ಐದರಲ್ಲಿ ಒಂದು. ಈಗ ಬೇಕೆಂದೇ ಅರ್ಧದ ಹತ್ತಿರ ತಂದಿದ್ದೇವೆ. ಲಾಭ ಸಣ್ಣದು, ಧೂಳು ಜಾಸ್ತಿ, ಮೂವತ್ತು ವರ್ಷದ ಡ್ರಾಯಿಂಗ್ ಹುಡುಕಿ ಕಣ್ಣು ಹೋಗುತ್ತದೆ. ಆದರೆ ಸಂಬಳ ನಿಲ್ಲುವುದಿಲ್ಲ.

2021-22ರ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ, ಎಲ್ಲರದೂ ಒಂದೇ. ಒಂದು ಪ್ರೆಸ್‌ಫಿಟ್ ಮಶಿನ್‌ಗೆ ಸರ್ವೊ ಡ್ರೈವ್ ಬುಕ್ ಮಾಡಿದಾಗ 8 ವಾರ ಎಂದರು, ಆಮೇಲೆ 22, ಆಮೇಲೆ 40. ಪಿಒದಲ್ಲಿ ವಾರಕ್ಕೆ ಅರ್ಧ ಶೇಕಡಾ, ಒಟ್ಟು ಶೇ 5ರವರೆಗೆ ದಂಡದ ಷರತ್ತು. ಬೇರೆ ಬ್ರ್ಯಾಂಡ್ ಹಾಕಿದೆವು. ಎರಡೂ ಮಾತಾಡುವ ನೆಟ್‌ವರ್ಕ್ ಭಾಷೆಯೇ ಬೇರೆ: ಮೊದಲಿನದು ಪ್ರೊಫಿನೆಟ್, ಇದು ಈಥರ್‌ಕ್ಯಾಟ್. ಪಿಎಲ್‌ಸಿಯನ್ನೇ ಬದಲಿಸಿ ಪ್ರೋಗ್ರಾಂ ಪೂರ್ತಿ ಹೊಸದಾಗಿ ಬರೆಯಲು ಮೂರು ವಾರ. ದಂಡ ಉಳಿಯಿತು, ಲಾಭ ಹೋಯಿತು. ಅದೇ ಕಾಲಕ್ಕೆ ತಾಮ್ರವೂ ಟನ್ನಿಗೆ 10,000 ಡಾಲರ್ ದಾಟಿ ಕೇಬಲ್, ಬಸ್‌ಬಾರ್ ದರ ವಾರವಾರ ಬದಲಾಗುತ್ತಿತ್ತು. ಆವತ್ತಿಂದ ನಮ್ಮ ಆಫರ್‌ಗಳಿಗೆ 15 ದಿನದ ವಾಯಿದೆ. ಯೂರೋದಲ್ಲಿ ಕೊಳ್ಳುವ ಸಾಮಾನಿದ್ದರೆ ಆ ದಿನದ ದರವನ್ನೂ ಬರೆಯುತ್ತೇವೆ, ಶೇ 3ಕ್ಕಿಂತ ಹೆಚ್ಚು ಏರಿದರೆ ವ್ಯತ್ಯಾಸ ಗಿರಾಕಿಯದು. ಬಹಳ ಜನ ಮುಖ ಸಿಂಡರಿಸಿದರು. 2025ರ ಆರಂಭದಲ್ಲಿ 90 ರೂಪಾಯಿ ಆಸುಪಾಸಿನಲ್ಲಿದ್ದ ಯೂರೋ ಆಗಸ್ಟ್ ಹೊತ್ತಿಗೆ 100 ದಾಟಿದಾಗ ಆ ಒಂದು ಸಾಲು ನಮ್ಮನ್ನು ಕಾಯಿತು.

ಸರ್ಕಾರದ ಕೈಗಾರಿಕಾ ಉತ್ಪಾದನಾ ಸೂಚ್ಯಂಕವನ್ನೂ ನೋಡುತ್ತೇನೆ. 2025ರ ಏಪ್ರಿಲ್‌ನಿಂದ ಅದು ತಿಂಗಳ 28ಕ್ಕೇ ಬರುತ್ತಿದೆ, ಮೊದಲು ಇನ್ನೂ ತಡವಾಗುತ್ತಿತ್ತು. ಬಂಡವಾಳ ಸರಕು, ಅಂದರೆ ಮಶಿನ್‌ಗಳಂಥವುಗಳ, ಸಾಲೊಂದನ್ನು ಓದಿ ಮುಚ್ಚಿಡುತ್ತೇನೆ. ಒಂದು ತಿಂಗಳು ಹಾರುತ್ತೆ, ಇನ್ನೊಂದು ತಿಂಗಳು ಮುಗ್ಗರಿಸುತ್ತೆ, ಮೂರು ತಿಂಗಳ ಸರಾಸರಿ ಬಿಟ್ಟರೆ ಬೇರೇನೂ ಹೇಳುವುದಿಲ್ಲ.

ಇವೆಲ್ಲಕ್ಕಿಂತ ಮೊದಲು ಸುದ್ದಿ ಕೊಡುವವರು ನಮ್ಮ ರಸ್ತೆಯಲ್ಲೇ ಇದ್ದಾರೆ. ಲೇತ್ ಚೂರು ಕೊಳ್ಳುವ ಗುಜರಿಯವರು. ಟರ್ನಿಂಗ್ ಶಾಪ್‌ಗಳಲ್ಲಿ ಉದುರುವ ಕಬ್ಬಿಣದ ಚೂರನ್ನು ಗೋಣಿಯಲ್ಲಿ ತುಂಬಿ ಟೆಂಪೊದಲ್ಲಿ ಒಯ್ಯುತ್ತಾರೆ. ದೊಡ್ಡ ಕಂಪನಿಗೆ ಆರ್ಡರ್ ಹೆಚ್ಚಾದರೆ ಮೊದಲು ಪೀಣ್ಯದ ಜಾಬ್‌ವರ್ಕ್ ಹೆಚ್ಚುತ್ತದೆ, ಅದರ ಬೆನ್ನಿಗೇ ಚೂರು. ಮೂಲೆಯ ಗುಜರಿಯಾತ 2019ರ ಫೆಬ್ರುವರಿಯಲ್ಲೇ ಹೇಳಿದ್ದ, "ಮೊದಲು ವಾರಕ್ಕೆ ಐದು ಲೋಡು, ಈಗ ಮೂರೂ ಕಷ್ಟ." ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ತಿಂಗಳ ಮೊದಲ ಶನಿವಾರ ಅವನ ಹತ್ತಿರ ನಿಂತು ಒಂದು ಚಹಾ ಕುಡಿದು ಬಂದು ಶೀಟಿನಲ್ಲಿ ಬರೆಯುತ್ತೇನೆ. ಸೈಟಿಗೆ ಹೋದಾಗ ರಾತ್ರಿ ಶಿಫ್ಟ್ ಬಸ್ಸುಗಳನ್ನೂ ಎಣಿಸುತ್ತೇನೆ. ಗಿರಾಕಿಯ ಖರೀದಿ ವಿಭಾಗ ಸುಳ್ಳು ಹೇಳಬಹುದು, ಬಸ್ಸು ಹೇಳುವುದಿಲ್ಲ.

ದುಡ್ಡಿನ ಮಾತು. ನಮ್ಮ ಕಡೆ ಆಟೊಮೇಷನ್ ಕಂಪನಿಗಳು ಆರ್ಡರ್ ಇಲ್ಲದೆ ಸತ್ತದ್ದು ನಾನು ಕಂಡದ್ದು ಕಡಿಮೆ, ಆರ್ಡರ್ ತುಂಬಿ ತುಳುಕುವಾಗ ಸತ್ತದ್ದೇ ಹೆಚ್ಚು. ಕರಾರು ಹೀಗಿತ್ತು: ಶೇ 30 ಅಡ್ವಾನ್ಸ್, ಶೇ 60 ರವಾನೆಗೆ ಮೊದಲು, ಉಳಿದ ಶೇ 10 ಕಮಿಷನಿಂಗ್ (ಗಿರಾಕಿಯಲ್ಲಿ ಮಶಿನ್ ಓಡಿಸಿ ತೋರಿಸುವುದು) ಆದ ಮೇಲೆ. ಆ ಕೊನೆಯ ಹತ್ತರಲ್ಲೇ ನಮ್ಮ ಲಾಭ ಇರುವುದು, ಅದೇ ವರ್ಷಗಟ್ಟಲೆ ಸಿಕ್ಕಿಬೀಳುವುದು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುವಂತಿಲ್ಲ ಎಂಬ 43ಬಿ(ಎಚ್) ಕಲಮು ಬಂದಾಗ ಹಿಗ್ಗಿದ್ದೆ. ಮೊದಲ ಮಾರ್ಚ್‌ನಲ್ಲೇ ಗಿರಾಕಿಯೊಬ್ಬರ ಅಕೌಂಟ್ಸ್‌ನಿಂದ ಫೋನ್, "ಬಿಲ್ಲು ಈಗ ಬೇಡ, ಏಪ್ರಿಲ್ ತಾರೀಕಿಗೆ ಹಾಕಿ." ಮಶಿನ್ ಆಗಲೇ ಅವರ ಗೇಟಿನೊಳಗಿತ್ತು. ಈಗ ಅಡ್ವಾನ್ಸ್ ಶೇ 40 ಮಾಡಿದ್ದೇವೆ. ಒಪ್ಪದವರಿಗೆ ನಮಸ್ಕಾರ. ಒಬ್ಬ ಗಿರಾಕಿಯ ಪಾಲು ಒಟ್ಟು ವ್ಯಾಪಾರದ ಕಾಲು ಭಾಗ ದಾಟಲು ಬಿಡುವುದಿಲ್ಲ.

ಮತ್ತೆ 2025ಕ್ಕೆ ಬರುತ್ತೇನೆ. ಆಗಸ್ಟ್ 27, ಗಣೇಶ ಚತುರ್ಥಿಯ ದಿನವೇ ಭಾರತದ ಸರಕಿನ ಮೇಲೆ ಅಮೆರಿಕದ ಶೇ 50ರ ಸುಂಕ ಜಾರಿಯಾಯಿತು. ಅಲ್ಲಿಗೆ ಪಂಪಿನ ಎರಕ ಕಳಿಸುವ ಬೆಳಗಾವಿ ಕಡೆಯ ಒಂದು ಫೌಂಡ್ರಿ ನಮ್ಮ ಫೆಟ್ಲಿಂಗ್ (ಎರಕದ ಅಂಚು ಉಜ್ಜುವ) ಸೆಲ್‌ನ ಪಿಒ ತಡೆಹಿಡಿಯಿತು. ಶೆಡ್ಡು ಖಾಲಿಯಾದದ್ದು ಅರ್ಧ ಅದರಿಂದ. 59.3 ಪ್ರಕಟವಾದದ್ದು ಅದಾದ ಐದನೇ ದಿನ. ರಿಸರ್ವ್ ಬ್ಯಾಂಕ್ ಫೆಬ್ರುವರಿಯಿಂದ ಜೂನ್‌ವರೆಗೆ ರೆಪೊ ದರವನ್ನು 6.5ರಿಂದ 5.5ಕ್ಕೆ ಇಳಿಸಿತ್ತು, ಆದರೆ ಬಡ್ಡಿ ಇಳಿದ ಮಾತ್ರಕ್ಕೆ ಮಶಿನ್ ಕೊಂಡವರನ್ನು ನಾನು ನೋಡಿಲ್ಲ. ನಾಳೆ ಮಾಲು ಹೋಗುತ್ತದೆ ಎಂಬ ಧೈರ್ಯ ಬಂದ ಮೇಲೆಯೇ ಬಡ್ಡಿಯ ಮಾತು.

ಆ ಧೈರ್ಯ ಸೆಪ್ಟೆಂಬರ್ 22ರಂದು ಬಂತು. 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಕ್ಟೋಬರ್ 1ಕ್ಕೆ ಆಯುಧಪೂಜೆ. ನಮ್ಮ ಶೆಡ್ಡಿನಲ್ಲೂ ಬೂದುಗುಂಬಳ ಒಡೆದೆವು (ಪ್ಯಾನೆಲ್ ಫ್ಯಾನಿನ ಫಿಲ್ಟರ್‌ಗೆ ಕುಂಕುಮ ಹಚ್ಚಬೇಡಿ ಎಂದು ಪ್ರತಿ ವರ್ಷ ಹೇಳಬೇಕು, ಪ್ರತಿ ವರ್ಷ ಯಾರಾದರೂ ಹಚ್ಚಿರುತ್ತಾರೆ). ಪಕ್ಕದ ರಸ್ತೆಯ ಶೋರೂಮಿನ ಮುಂದೆ ಹೂ ಹಾಕಿಸಿಕೊಂಡ ಸ್ಕೂಟರ್‌ಗಳು ಫುಟ್‌ಪಾತ್‌ವರೆಗೂ ನಿಂತಿದ್ದವು.

ಅಕ್ಟೋಬರ್ ಕೊನೆಯಲ್ಲಿ ಸ್ಕೂಟರ್ ಭಾಗ ಮಾಡುವ ನರಸಾಪುರ ಕಡೆಯ ಒಂದು ಕಂಪನಿಯಿಂದ ಫೋನ್ ಬಂತು. ಹೊಸ ಲೈನ್ ಬೇಡ. 2016ರಲ್ಲಿ ನಾವೇ ಕೊಟ್ಟ ಲೀಕ್ ಟೆಸ್ಟ್ ಮಶಿನ್ 52 ಸೆಕೆಂಡಿಗೆ ಒಂದು ಪೀಸ್ ಕೊಡುತ್ತಿದೆ, 44ಕ್ಕೆ ತರಬೇಕು. ಹೋಗಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಗಾಳಿ ತುಂಬಲು 14 ಸೆಕೆಂಡ್, ಸ್ಥಿರವಾಗಲು 12, ಅಳತೆಗೆ 10, ಗಾಳಿ ಬಿಡಲು 4, ಉಳಿದ 12 ಕ್ಲ್ಯಾಂಪ್ ಮತ್ತು ಆಪರೇಟರ್ ಕೈಯದು. ಸ್ಥಿರವಾಗುವ ಸಮಯಕ್ಕೆ ಕೈ ಹಾಕಿದರೆ ತಪ್ಪು ರಿಜೆಕ್ಟ್ ಬರುತ್ತವೆ, ಅದನ್ನು ಮುಟ್ಟಲಿಲ್ಲ. ಟೊಳ್ಳು ಜಾಗಕ್ಕೆ ನೈಲಾನ್ ಫಿಲ್ಲರ್ ಹಾಕಿ ತುಂಬಬೇಕಾದ ಗಾಳಿಯನ್ನೇ ಕಡಿಮೆ ಮಾಡಿದೆವು, ಫಿಲ್ ವಾಲ್ವ್ ದೊಡ್ಡದು ಮಾಡಿದೆವು. ಎರಡೂ ಸೇರಿ 6 ಸೆಕೆಂಡ್ ಉಳಿಯಿತು. ಕ್ಲ್ಯಾಂಪ್ ಮತ್ತು ಕೈ ಅಡ್ಡ ಬಂದರೆ ಮಶಿನ್ ನಿಲ್ಲಿಸುವ ಲೈಟ್ ಕರ್ಟನ್ ಒಂದಕ್ಕೊಂದು ಕಾಯುತ್ತಿದ್ದ ಲಾಜಿಕ್ ಸರಿಪಡಿಸಿದ್ದರಲ್ಲಿ ಇನ್ನೆರಡು ಸಿಕ್ಕವು. ಹತ್ತೊಂಬತ್ತು ದಿನದ ಕೆಲಸ, ಸಣ್ಣ ಬಿಲ್ಲು.

ಹೊರಡುವಾಗ ರಾತ್ರಿ ಹತ್ತೂವರೆ. ಗೇಟಿನ ಹೊರಗೆ ಮೂರನೇ ಶಿಫ್ಟಿನ ಬಸ್ಸುಗಳು, ಎಣಿಸಿದೆ: ಒಂಬತ್ತು. ಬೇಸಿಗೆಯಲ್ಲಿ ನೋಡಿದ್ದು ಐದು. ಪ್ಲಾಂಟ್ ಹೆಡ್ ಗೇಟಿನವರೆಗೆ ಬಂದು, "ಎರಡನೇ ಮಶಿನ್‌ಗೆ ಒಂದು ಬಜೆಟರಿ ಕಳಿಸಿರಿ" ಎಂದರು. ಶೀಟಿನಲ್ಲಿ ತಾರೀಕು ಹಾಕಿ, ಕಾರಣದ ಕಾಲಂನಲ್ಲಿ 'ಸಾಮರ್ಥ್ಯ ಸಾಲದು' ಎಂದು ಬರೆದೆ. ಪಿಒ ಕಾಲಂ ಸದ್ಯಕ್ಕೆ ಖಾಲಿ.